ಹಿತ್ತಿಯನಾದ ಊರೀಯ

ಇವತ್ತಿನ ಓದುವ ಭಾಗ 2 ಸಮುವೇಲ 11ನೇ ಅಧ್ಯಾಯ.

ಊರೀಯನನ್ನು ಬೈಬಲ್ ಮತ್ತೆ ಮತ್ತೆ ‘ಹಿತ್ತಿಯ’ ಅನ್ನುತ್ತದೆ. ನಾವು ಆ ಪದವನ್ನು ಸುಮ್ಮನೆ ದಾಟಿಬಿಡ್ತೇವೆ. ಬೈಬಲ್ ಕಾಲೇಜಲ್ಲಿ ನಾನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅಷ್ಟೆ.

ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ 1906ರಿಂದ ಅಗೆದಾಗ ಹಿತ್ತಿಯರ ರಾಜಧಾನಿ ಹತ್ತೂಷ ಸಿಕ್ಕಿತು, ಜೊತೆಗೆ ಬರಹವಿದ್ದ ಸಾವಿರಾರು ಮಣ್ಣಿನ ಹಲಗೆಗಳು. 1915ರಲ್ಲಿ ಚೆಕ್ ವಿದ್ವಾಂಸ ಹ್ರೋಜ್ನಿ ಆ ಭಾಷೆಯನ್ನು ಬಿಡಿಸಿದರು. ‘ವಾತರ್’ ಅಂದರೆ ನೀರು. ಇಂಗ್ಲಿಷಿನ ‘ವಾಟರ್’ಗೆ ನೆಂಟ! ಅವರು ತಮ್ಮ ನಾಡಿಗೆ ಸಾವಿರ ದೇವರುಗಳು ಅನ್ನುತ್ತಿದ್ದರು. ರೋಗದಿಂದ ಜನ ಸಾಯುವಾಗ ಅವರ ರಾಜ ಎರಡನೇ ಮುರ್ಸಿಲಿ ಹಳೆಯ ಹಲಗೆಗಳನ್ನು ಹುಡುಕಿಸಿದ. ಅಪ್ಪ ಒಪ್ಪಂದ ಮುರಿದದ್ದು ತಿಳಿದು, ಪ್ರಾರ್ಥನೆಯಲ್ಲಿ ಆ ತಪ್ಪನ್ನು ಒಪ್ಪಿಕೊಂಡ.

ಊರೀಯನ ಕಾಲಕ್ಕೆ ಆ ಸಾಮ್ರಾಜ್ಯ ಬಿದ್ದು ಸುಮಾರು ಇನ್ನೂರು ವರ್ಷ. ಹೆಸರು ಉಳಿದಿತ್ತು. ಈಗ ನೋಡಿ: ಸತ್ಯದೇವರನ್ನು ತಿಳಿದಿದ್ದ ದಾವೀದ ತನ್ನ ಪಾಪ ಮುಚ್ಚಲು ಹಿತ್ತಿಯನ ಕೈಯಲ್ಲೇ ಅವನ ಸಾವಿನ ಪತ್ರ ಕಳಿಸಿದ. ಪಾಪ ಒಪ್ಪಿಕೊಂಡದ್ದು ನಾತಾನನು ಬಂದ ಮೇಲೆ.

ನಮ್ಮ ಪುತ್ತಿಗೆಯ ಪಕ್ಕದಲ್ಲೇ ಮೂಡಬಿದಿರೆ. ಅಲ್ಲಿಯ ಗುರು ಬಸದಿಯಲ್ಲಿ ಜೈನರು ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳಿಂದ ಕಾಪಾಡಿದ್ದಾರೆ. ಭಾಷೆ ಪ್ರಾಕೃತ, ಲಿಪಿ ಹಳೆಯ ಕನ್ನಡ. ನಮ್ಮಲ್ಲಿ ಎಷ್ಟು ಜನ ಇದರ ಬಗ್ಗೆ ಕೇಳಿದ್ದೇವೆ? ಇನ್ನೊಬ್ಬರ ಧರ್ಮ ತಿಳಿದರೆ ವಿಶ್ವಾಸ ಅಲ್ಲಾಡುವುದಿಲ್ಲ. ತಿಳಿಯದಿದ್ದರೆ ಮನುಷ್ಯ ಬರೀ ಒಂದು ಹೆಸರಾಗಿ ಉಳೀತಾನೆ.

ಈ ವಾರ ಪಿಜಿಯ ರೂಮ್‌ಮೇಟ್‌ನ ಮನೆ, ಭಾಷೆ, ಆರಾಧನೆ ಬಗ್ಗೆ ಕೇಳಿ. ವಾದ ಬೇಡ, ಕೇಳಿಸಿಕೊಳ್ಳಿ. ಆಮೆನ್.