ಉಪ್ಪಾಗೆಯ ಮರ

ಪಶ್ಚಿಮಘಟ್ಟದ ನಿತ್ಯಹಸುರಿನ ಕಾಡುಗಳಲ್ಲಿಯೂ ಅವುಗಳ ಅಂಚಿನ ಸೊಪ್ಪಿನ ಬೆಟ್ಟಗಳಲ್ಲಿಯೂ ಸಾಧಾರಣವಾಗಿ ದೊರೆಯುವ ಮರಗಳಲ್ಲಿ ಉಪ್ಪಾಗೆಯು ಒಂದು. ಇದು ಮುರುಗಲಿನ ಕುಲಕ್ಕೆ ಸೇರಿದುದು. ಆದರೆ ಮುರುಗಲ ಹಣ್ಣು ಕೆಂಪಗಿದ್ದು ಬೇಸಗೆಯಲ್ಲಿ ಪಕ್ವವಾಗುವುದು. ಉಪ್ಪಾಗೆಯದು ಹಳದಿಯಾಗಿ, ಮೈಮೇಲೆ ಆಳವಾದ ಗೀರುಗಳುಳ್ಳದ್ದಾಗಿ, ಮಳೆಗಾಲದಲ್ಲಿ ಹಣ್ಣಾಗುವುದು. ಇದರ ಸಿಪ್ಪೆಯನ್ನು ಹುಳಿಗೂ, ಬೀಜದ ತುಪ್ಪವನ್ನು ಅಡಿಗೆಗೂ ಮಲೆನಾಡಿಗರು ಬಹುಕಾಲದಿಂದ ಬಳಸುತ್ತ ಬಂದಿರುವರು. ಕೊಡಗಿನ ಕಾಚಂಪುಳಿಯೂ ಈ ಹಣ್ಣಿನ ರಸದಿಂದಲೇ ಆಗತಕ್ಕದ್ದು.

1990ರ ದಶಕದಲ್ಲಿ, ಮೈತೂಕ ತಗ್ಗಿಸುವ ಔಷಧಕ್ಕೆಂದು ಒಣಸಿಪ್ಪೆಗೆ ಪರದೇಶಗಳಿಂದ ಬೇಡಿಕೆಯುಂಟಾಯಿತು. ಅಂದಿನಿಂದ ಮರಕ್ಕೆ ಕೇಡು ಮೊದಲಾಯಿತು. ಇತರರಿಗಿಂತ ಮುಂಚೆ ಕೊಯ್ಯಬೇಕೆಂಬ ಆತುರದಿಂದ ಕೊಂಬೆಗಳನ್ನೇ ಕಡಿದು ಎಳೆಗಾಯಿಗಳನ್ನು ಕೀಳುವ ದುರಭ್ಯಾಸವು ಹಬ್ಬಿತು. ಆ ದಿನಗಳಲ್ಲಿ ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕಾಗುವುದು. ಅದಕ್ಕೆ ಬೇಕಾದ ಸೌದೆಯೂ ಅದೇ ಕಾಡಿನದು.

ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರಗಳು ಬೇರೆಬೇರೆ. ಕಾಯಿ ಬಿಡದ ಮರವು ನಿಷ್ಪ್ರಯೋಜಕವೆಂದು ಬಗೆದು ಸೌದೆಗೆ ಕಡಿಯುವವರು ತಮ್ಮ ಫಲಕ್ಕೆ ತಾವೇ ಕೊಡಲಿ ಹಾಕಿಕೊಳ್ಳುವರು. ಗಂಡು ಮರದ ಪರಾಗವು ತಲಪಿದರಲ್ಲವೇ ಹೆಣ್ಣು ಮರದಲ್ಲಿ ಕಾಯಿ ಚೆನ್ನಾಗಿ ಕಚ್ಚುವುದು?

ಆದುದರಿಂದ ಗ್ರಾಮದ ಮುಖಂಡರು ಊರವರನ್ನು ಕೂಡಿಸಿ ಕೊಯ್ಲಿನ ದಿನವನ್ನು ಗೊತ್ತುಮಾಡತಕ್ಕದ್ದು. ಮಾಗಿದ ಹಣ್ಣುಗಳನ್ನು ಮಾತ್ರ ಆರಿಸತಕ್ಕದ್ದು. ಕೆಲವನ್ನು ಸಿಂಗಳೀಕಗಳಿಗೂ ಬಿಡುವುದು ಲೇಸು; ಅವಕ್ಕೆ ಇದು ಮಳೆಗಾಲದ ಆಹಾರ. ಜಮೀನುದಾರರು ತಮ್ಮ ಬೆಟ್ಟಗಳಲ್ಲಿ ಹೆಣ್ಣು ಮರದ ಕಡ್ಡಿಯಿಂದ ಕಸಿಮಾಡಿದ ಗಿಡಗಳನ್ನು ನೆಡಬಹುದು. ಬೀಜದ ಗಿಡವು ಫಲಕ್ಕೆ ಬರಲು ಸುಮಾರು 10 ವರ್ಷ ಹಿಡಿಯುವುದಲ್ಲದೆ, ಅದು ಗಂಡೋ ಹೆಣ್ಣೋ ಎಂಬುದು ಹೂ ಬಿಡುವವರೆಗೂ ತಿಳಿಯದು.