ಪ್ಲಾಟು ನೋಡಿದಿರಿ, ಸದ್ದು ಕೇಳಿದಿರಾ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಮನೆ ಕಟ್ಟುವ ಮೊದಲು ನೀವು ಎಷ್ಟೊಂದು ನೋಡುತ್ತೀರಿ! ವಾಸ್ತು ನೋಡುತ್ತೀರಿ, ಎನ್.ಎ. (ಕೃಷಿಯೇತರ) ಆಗಿದೆಯೋ ಇಲ್ಲವೋ ನೋಡುತ್ತೀರಿ, ಅಂಗೈಯಲ್ಲಿ ತೆಂಗಿನಕಾಯಿ ಹಿಡಿಸಿ ಬೋರಿಗೆ ನೀರು ಬಿದ್ದೀತೇ ಅಂತಲೂ ನೋಡುತ್ತೀರಿ. ಆದರೆ ರಾತ್ರಿ ಹನ್ನೊಂದಕ್ಕೆ ಆ ಜಾಗದಲ್ಲಿ ನಿಂತು ಕಿವಿಗೊಟ್ಟವರು ಎಷ್ಟು ಮಂದಿ? ಏಜೆಂಟ "ಮೇನ್ ರೋಡಿಗೇ ಐತ್ರಿ, ನಾಳೆ ರೇಟು ಡಬಲ್ ಆಕ್ಕೈತಿ" ಅಂದರೆ ಸಾಕು, ಮುಂಗಡ ಕೊಟ್ಟು ಬರುತ್ತೀರಿ. ನೋಡಲು ಹೋಗುವುದೂ ಭಾನುವಾರ ಮಧ್ಯಾಹ್ನ, ಊಟ ಮುಗಿದು ಬೀದಿಯೆಲ್ಲ ಮಲಗಿದಾಗ. ಗೃಹಪ್ರವೇಶವಾಗಿ ತಿಂಗಳು ಕಳೆಯುವಷ್ಟರಲ್ಲಿ ನಿದ್ದೆಯಿಲ್ಲ ಅಂತ ಗೋಳು ಶುರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೀದಿಯ ಸದ್ದು ಹಣೆಬರಹವಲ್ಲ. ಅದನ್ನು ಮೊದಲೇ ಅಂದಾಜು ಮಾಡಬಹುದು. ಇಂಗ್ಲೆಂಡಿನವರು 1975ರಲ್ಲೇ ಇದಕ್ಕೊಂದು ಲೆಕ್ಕ ಕಟ್ಟಿ, 1988ರಲ್ಲಿ ತಿದ್ದಿಕೊಂಡರು. ಗಂಟೆಗೆ ಎಷ್ಟು ವಾಹನ, ಅದರಲ್ಲಿ ಲಾರಿ-ಬಸ್ಸಿನ ಪಾಲೆಷ್ಟು, ವೇಗವೆಷ್ಟು, ರಸ್ತೆ ಏರಿದೆಯೇ, ಮನೆ ಎಷ್ಟು ದೂರ, ನಡುವೆ ಗೋಡೆ ಇದೆಯೇ ಎಂಬುದನ್ನು ತಿಳಿದುಕೊಂಡು, ರಸ್ತೆ ಹಾಕುವ ಮೊದಲೇ ಸದ್ದು ಎಷ್ಟಾದೀತು ಅಂತ ಹೇಳುತ್ತಾರೆ. ನಿಮಗೆ ಅಷ್ಟು ದೊಡ್ಡ ಗಣಿತ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ನು, ಮೂರು ಹೊತ್ತಿನ ಕಾಲುಗಂಟೆ ಸಾಕು.

ಸಂತೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ, ರಾತ್ರಿ ಹನ್ನೊಂದಕ್ಕೆ ಒಮ್ಮೆ ಆ ಜಾಗಕ್ಕೆ ಹೋಗಿ ನಿಲ್ಲಿ. ಬೈಕು, ಕಾರುಗಳನ್ನು ಒಂದು ಸಾಲಿನಲ್ಲಿ ಗೀಟು ಹಾಕಿ ಎಣಿಸಿ. ಆಟೋ, ಟಂಟಂಗಳಿಗೆ ಬೇರೆ ಸಾಲು, ಲಾರಿ, ಬಸ್ಸು, ಟ್ರ್ಯಾಕ್ಟರಿಗೆ ಬೇರೆ ಸಾಲು. ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ಗಂಟೆಯ ಲೆಕ್ಕ. ಮೊಬೈಲಿನ ಡೆಸಿಬಲ್ ಆ್ಯಪನ್ನೂ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅದು ತೋರಿಸುವ ಅಂಕಿಯನ್ನು ದೇವರ ವಾಕ್ಯ ಅಂದುಕೊಳ್ಳಬೇಡಿ. ಈ ಓಣಿಗಿಂತ ಆ ಓಣಿ ವಾಸಿಯೇ ಅಂತ ಹೋಲಿಸಲು ಮಾತ್ರ ಅದು ಉಪಯೋಗ.

ಇಲ್ಲೊಂದು ವಿಚಿತ್ರವಿದೆ, ಗಮನವಿಟ್ಟು ಕೇಳಿ. ಹನಿಗೂಡಿದರೆ ಹಳ್ಳ ಅನ್ನುವುದು ಸದ್ದಿಗೆ ಹೊಂದುವುದಿಲ್ಲ. ವಾಹನ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್, ಕಿವಿಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಹತ್ತು ಪಟ್ಟಾದಾಗ 10 ಡೆಸಿಬಲ್ ಏರುತ್ತದೆ, ಆಗ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳುತ್ತದೆ. ಆದರೆ ಊರೊಳಗಿನ ವೇಗದಲ್ಲಿ ಒಂದು ಭಾರದ ಲಾರಿ ಸುಮಾರು ಹತ್ತು ಕಾರಿಗೆ ಸಮ. ಕಾಲುಗಂಟೆಯಲ್ಲಿ ನೂರು ಕಾರು, ಹತ್ತು ಲಾರಿ ಹೋದವು ಅಂತಿಟ್ಟುಕೊಳ್ಳಿ. ಆ ಹತ್ತು ಲಾರಿಯ ಸದ್ದೂ ನೂರು ಕಾರಿನ ಸದ್ದೂ ಒಂದೇ ತೂಕ. ಹಾಗಾಗಿ ಬೈಕು ಎಷ್ಟು ಓಡಾಡುತ್ತವೆ ಅಂತ ತಲೆ ಕೆಡಿಸಿಕೊಳ್ಳುವ ಬದಲು ಲಾರಿ ಎಲ್ಲಿಂದ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಅಂತ ವಿಚಾರಿಸಿ.

ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಇದನ್ನು ಹೇಳಿಕೊಡಬೇಕೇ! ಭತ್ತದ ಕಣಜದ ಊರು, ರೈಸ್ ಮಿಲ್ಲುಗಳ ಊರು. ಸುಗ್ಗಿ ಬಂತೆಂದರೆ ಮೂಟೆ ಹೇರಿದ ಲಾರಿ, ಟ್ರ್ಯಾಕ್ಟರುಗಳು ಹಗಲು ರಾತ್ರಿ ಅನ್ನದೆ ಓಡುತ್ತವೆ. ನೀವು ಬಾಡಿಗೆ ಮನೆ ನೋಡಲು ಹೋದದ್ದು ನಾಟಿಯ ಕಾಲದಲ್ಲಾದರೆ ಸುಗ್ಗಿಯ ಸದ್ದನ್ನು ಅಲ್ಲಿಯ ಅಂಗಡಿಯವರ ಬಾಯಿಂದಲೇ ಕೇಳಿ ತಿಳಿಯಬೇಕು. ಹಂಪ್ ಪಕ್ಕದ ಮನೆಯಂತೂ ಬೇಡವೇ ಬೇಡ. ಮಿಲ್ಲಿನಲ್ಲಿ ಭತ್ತ ಇಳಿಸಿ ಹೊರಟ ಖಾಲಿ ಟ್ರೇಲರ್ ಹಂಪಿನ ಮೇಲೆ ಹಾರಿ ಬಿದ್ದಾಗ ಕೊಂಡಿ, ಸರಪಳಿ, ಹಿಂದಿನ ತಗಡಿನ ಬಾಗಿಲು ಎಲ್ಲ ಒಟ್ಟಿಗೇ ಧಡಲ್ ಅನ್ನುತ್ತವೆ. ಆಮೇಲೆ ಚಾಲಕ ಗೇರು ಬದಲಿಸಿ ಎಂಜಿನ್ ಎಳೆಯುವ ಸದ್ದು ಬೇರೆ. ಅದರ ಮೇಲೆ ಡೆಕ್ಕಿನ ಹಾಡು! ಅದರ ಲೆಕ್ಕ ಯಾವ ದೇಶದ ಸೂತ್ರದಲ್ಲೂ ಇಲ್ಲ.

ಕುಷ್ಟಗಿಯವರ ಕಥೆ ಬೇರೆ. ಅಲ್ಲಿ ವಿಜಯಪುರ–ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50 ಇದೆ. ವೇಗ ಹೆಚ್ಚಾದಂತೆ ಎಂಜಿನ್‌ಗಿಂತ ಟೈರು ಡಾಂಬರಿಗೆ ಉಜ್ಜುವ ಸದ್ದೇ ಮುಂದಾಗುತ್ತದೆ, ಅದು ಬಹುದೂರ ಕೇಳುತ್ತದೆ. ರಾತ್ರಿ ವಾಹನ ಕಡಿಮೆ ಅಂತ ಮೋಸಹೋಗಬೇಡಿ. ಕಾರು, ಬೈಕು ಮನೆ ಸೇರಿದ ಮೇಲೆ ಉಳಿಯುವುದು ಲಾರಿಗಳೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಸರಾಸರಿ 55 ಡೆಸಿಬಲ್, ಆಮೇಲೆ 45 ಮಾತ್ರ. ಮಾರುಕಟ್ಟೆಯ ಬೀದಿಗಳಿಗೆ 65 ಮತ್ತು 55. ಮಿತಿಯೇ ಹತ್ತು ಇಳಿಯುವ ಹೊತ್ತಿನಲ್ಲಿ ಲಾರಿ ಬಂದರೆ ನಿದ್ದೆ ಎಲ್ಲಿಂದ ಬಂದೀತು? ವರ್ಷಗಟ್ಟಲೆ ಹೀಗೆ ನಿದ್ದೆಗೆಟ್ಟರೆ ರಕ್ತದೊತ್ತಡ, ಹೃದಯದ ತೊಂದರೆ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಪ್ಲಾಟು ಆಗಲೇ ಕೊಂಡಾಗಿದೆ ಅನ್ನುವವರು ಕೈಚೆಲ್ಲಿ ಕೂರಬೇಡಿ. ರಸ್ತೆಯಿಂದ ಮನೆಗಿರುವ ದೂರ ಎರಡು ಪಟ್ಟಾದರೆ ವಾಹನಗಳ ಹರಿವಿನ ಸದ್ದು ಸುಮಾರು 3 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಇರುವ ಜಾಗದಲ್ಲೇ ಮನೆಯನ್ನು ಹಿಂದಕ್ಕೆ ಸರಿಸಿ, ಮುಂದೆ ಅಂಗಳ ಬಿಡಿ. ಬೀದಿ ಕಡೆ ಮೆಟ್ಟಿಲು, ಸಾಮಾನಿನ ಕೋಣೆ, ಬಚ್ಚಲು ಬರಲಿ. ಮಲಗುವ ಕೋಣೆ, ಮಕ್ಕಳು ಓದುವ ಕೋಣೆ ಹಿಂದಿರಲಿ. ಕಿಟಕಿ ಮುಚ್ಚಿದರಾಯಿತು ಅನ್ನುತ್ತೀರಿ, ಏಪ್ರಿಲ್ ತಿಂಗಳ ನಮ್ಮ ಸೀಮೆಯ ಸೆಕೆಯಲ್ಲಿ ಕಿಟಕಿ ಮುಚ್ಚಿ ಯಾರು ಮಲಗುತ್ತಾರೆ? ಒಂದು ಸಾಲು ಅಶೋಕ ಗಿಡ ನೆಟ್ಟು ಸದ್ದು ನಿಂತಿತು ಅಂದುಕೊಳ್ಳುವುದೂ ಬೇಡ. ಗಿಡ ನೆರಳಿಗೆ, ಧೂಳಿಗೆ ಒಳ್ಳೆಯದು, ಸದ್ದಿಗೆ ಬೇಕಾದದ್ದು ಸಂದಿಲ್ಲದ ಗೋಡೆ. ಕಿಟಕಿಯಿಂದ ನೋಡಿದರೆ ಲಾರಿಯ ಎಂಜಿನ್ ಕಾಣಬಾರದು, ಗೋಡೆ ಅಷ್ಟು ಎತ್ತರವಿದ್ದರೆ ಮಾತ್ರ ಉಪಯೋಗ.

ಇಂದಿನ ಲೆಕ್ಕ ಹಿಡಿದು ಹತ್ತು ವರ್ಷದ ಮನೆ ಕಟ್ಟುವುದೂ ತಪ್ಪು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಗದಗ–ವಾಡಿ ಮಾರ್ಗದಲ್ಲಿ ಯಲಬುರ್ಗಾಕ್ಕೂ ನಿಲ್ದಾಣವಿದೆ. ನಿಲ್ದಾಣ ಬಂದಲ್ಲಿ ಆಟೋ ಬರುತ್ತದೆ, ಹೋಟೆಲು ಬರುತ್ತದೆ, ಗೂಡ್ಸ್ ಗಾಡಿ ಬರುತ್ತದೆ. ಯಲಬುರ್ಗಾದವರೇ, ನಿಮ್ಮೂರು ಇನ್ನೂ ಶಾಂತವಾಗಿದೆ ಅಂತ ಬೀಗಬೇಡಿ. ಯಾವ ರಸ್ತೆ ಅಗಲವಾಗಲಿದೆ, ಬೈಪಾಸ್ ಎಲ್ಲಿ ಬರಲಿದೆ ಅಂತ ಪಟ್ಟಣ ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನು ಹಾರ್ನಿನ ಮಾತು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ತಪ್ಪು ತಿಳಿಯಬೇಡಿ. ಹೊರದೇಶದ ಸೂತ್ರಗಳನ್ನು ತಂದು ನಮ್ಮ ಬೀದಿಗೆ ಹಚ್ಚಿದರೆ ಲೆಕ್ಕ ತಪ್ಪುವುದು ಹಾರ್ನಿನಿಂದಲೇ. ಆ ಸೂತ್ರಗಳಲ್ಲಿ ಹಾರ್ನಿಗೆ ಜಾಗವೇ ಇಲ್ಲ, ನಮ್ಮ ದೇಶದ ಸಂಶೋಧಕರು ಅದಕ್ಕೆಂದೇ ಬೇರೆ ತಿದ್ದುಪಡಿ ಸೇರಿಸಬೇಕಾಯಿತು. ಕೊಪ್ಪಳದ ಜವಾಹರ ರಸ್ತೆಯಲ್ಲಿ ಸಂಜೆ ವಾಹನ ಆಮೆಯಂತೆ ತೆವಳುತ್ತವೆ, ವೇಗದ ಸದ್ದು ಅಲ್ಲಿ ಎಲ್ಲಿಯದು? ಕೇಳುವುದೆಲ್ಲ ನಾವು ನೀವು ಒತ್ತುವ ಹಾರ್ನು. ಮುಂದಿನವನಿಗೆ ಜಾಗವೇ ಇಲ್ಲದಾಗ ಒತ್ತಿ ಏನು ಬಂತು? ಅವನೇನು ಹಾರಿಹೋಗುತ್ತಾನೆಯೇ? ಅನಗತ್ಯವಾಗಿ ಹಾರ್ನ್ ಮಾಡಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿ ದಂಡ ಅಂತ 2019ರಲ್ಲೇ ಬರೆದಿಟ್ಟಿದ್ದಾರೆ. ಮಗ ಹಟ ಮಾಡಿದ ಅಂತ ಬೈಕಿನ ಸೈಲೆನ್ಸರ್ ಬದಲಿಸಿಕೊಡುವ ತಂದೆ-ತಾಯಿಗಳಿಗೂ ಈ ಮಾತು ಸಲ್ಲುತ್ತದೆ. ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಮೀರಿದರೆ ದೂರು ಕೊಡುವ ಹಕ್ಕು ನಿಮಗಿದೆ, ಡಿವೈಎಸ್ಪಿ ಕಚೇರಿಗೆ ಬರಹದಲ್ಲಿ ಕೊಡಿ.

ಶಾಲೆ, ಆಸ್ಪತ್ರೆ, ನ್ಯಾಯಾಲಯದ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು ಅಂತ ಅದೇ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ, ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬಲ್. ನಾಳೆ ಮಗುವನ್ನು ಬಿಡಲು ಹೋದಾಗ ಶಾಲೆಯ ಗೇಟಿಗೆ ನೂರು ಮೀಟರ್ ಇರುವಾಗಲೇ ಹಾರ್ನಿನಿಂದ ಹೆಬ್ಬೆರಳು ತೆಗೆಯಿರಿ, ಗಾಡಿ ನಿಲ್ಲಿಸಿದ ಮೇಲೆ ಎಂಜಿನ್ ಆರಿಸಿ. ಮುಂದಿನವರು ಸರಿಯುವ ತನಕ ಎರಡು ನಿಮಿಷ ಕಾಯಿರಿ.