ತಾಮ್ರದ ಮೇಲೆ ಮೂಡಿದ ಮುಖಗಳು

ಛಾಯಾಚಿತ್ರವು ಬಳಕೆಗೆ ಬರುವ ಮುಂಚೆ ಮನುಷ್ಯನ ಮುಖಚಹರೆಯನ್ನು ಉಳಿಸಿಡುವುದು ಸುಲಭದ ಮಾತಾಗಿರಲಿಲ್ಲ. ಅರಸರೂ ಶ್ರೀಮಂತರೂ ಚಿತ್ರಕಾರರಿಗೆ ಹೇರಳವಾಗಿ ಹಣವಿತ್ತು ತೈಲಚಿತ್ರಗಳನ್ನು ಬರೆಯಿಸಿಕೊಳ್ಳುತ್ತಿದ್ದರು. ಉಳಿದವರ ರೂಪು ಅವರೊಂದಿಗೇ ಮಣ್ಣಾಗುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳು ಹೊಸದಾಗಿ ಸ್ವಾತಂತ್ರ್ಯ ಪಡೆದಿದ್ದ ದಿನಗಳಲ್ಲಿ, ಆ ನಾಡಿನ ಎಂಟುನೂರಕ್ಕೂ ಹೆಚ್ಚು ಜನರ ಮುಖಗಳನ್ನು ತಾಮ್ರದ ಫಲಕಗಳ ಮೇಲೆ ಕೆತ್ತಿ ಉಳಿಸಿದವನು ಒಬ್ಬ ಫ್ರೆಂಚ್ ನಿರಾಶ್ರಿತ. ಅವನು ಕೆತ್ತನೆಯನ್ನು ಕುಲವೃತ್ತಿಯಾಗಿ ಕಲಿತವನಲ್ಲ, ಸೈನ್ಯಾಧಿಕಾರಿಯಾಗಬೇಕೆಂದು ಬೆಳೆದವನು. ಬಂದೊದಗಿದ ಕಷ್ಟವೇ ಅವನನ್ನು ಕಲಾವಿದನನ್ನಾಗಿ ಮಾಡಿತು.

ಶಾರ್ಲ್ ಬಾಲ್ತಜಾರ್ ಜೂಲಿಯೆನ್ ಫೆವ್ರೆ ದ ಸೇಂಟ್ ಮೆಮಿನ್ ೧೭೭೦ರ ಮಾರ್ಚ್ ತಿಂಗಳಲ್ಲಿ ಫ್ರಾನ್ಸಿನ ಬರ್ಗಂಡಿ ಪ್ರಾಂತದ ಡೀಜೋನ್ ನಗರದಲ್ಲಿ ಹುಟ್ಟಿದನು. ತಂದೆಯದು ಪ್ರತಿಷ್ಠಿತ ಮನೆತನ. ತಾಯಿಗೆ ವೆಸ್ಟ್ ಇಂಡೀಸಿನ ಸೇಂಟ್ ಡೊಮಿಂಗ್ ಎಂಬ ಫ್ರೆಂಚ್ ವಸಾಹತಿನಲ್ಲಿ ಕಬ್ಬಿನ ತೋಟವಿತ್ತು. ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಬಾಲಕನು ಪ್ಯಾರಿಸಿನ ಸೈನಿಕ ಶಾಲೆಯಲ್ಲಿ ಓದಿ, ೧೭೮೮ರಲ್ಲಿ ರಾಜನ ಕಾವಲು ದಳವನ್ನು ಸೇರಿದನು. ಚಿತ್ರ ಬರೆಯುವುದು, ಯಂತ್ರಗಳ ರಚನೆಯನ್ನು ಪರೀಕ್ಷಿಸುವುದು ಅವನಿಗೆ ಪ್ರಿಯವಾದ ಹವ್ಯಾಸಗಳಾಗಿದ್ದವು. ಅವು ಒಂದು ದಿನ ಅನ್ನ ಕೊಡುವ ವಿದ್ಯೆಗಳಾಗುವುವೆಂದು ಅವನು ಆಗ ಎಣಿಸಿರಲಾರನು.

ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ಸ್ಫೋಟಿಸಿತು. ರಾಜನ ಪಕ್ಷದಲ್ಲಿದ್ದ ಸೇಂಟ್ ಮೆಮಿನನ ಕುಟುಂಬವು ಸ್ವದೇಶವನ್ನು ತೊರೆದು ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಪಡೆಯಿತು. ಇತ್ತ ಆಸ್ತಿಪಾಸ್ತಿಗಳು ಕೈಬಿಟ್ಟವು. ಉಳಿದಿದ್ದುದು ತಾಯಿಯ ಕಬ್ಬಿನ ತೋಟವೊಂದೇ. ಅದನ್ನು ಉಳಿಸಿಕೊಳ್ಳುವ ಆಸೆಯಿಂದ ತಂದೆಮಕ್ಕಳು ಸಮುದ್ರಯಾನವನ್ನು ಕೈಗೊಂಡರು. ೧೭೯೩ರಲ್ಲಿ ಅವರು ನ್ಯೂಯಾರ್ಕನ್ನು ತಲುಪಿದರು. ಆದರೆ ಸೇಂಟ್ ಡೊಮಿಂಗಿನ ಗುಲಾಮರು ೧೭೯೧ರಲ್ಲಿಯೇ ದಂಗೆಯೆದ್ದಿದ್ದರು. ತಲೆತಲಾಂತರದಿಂದ ಚಾವಟಿಯ ಪೆಟ್ಟು ತಿಂದವರು ತಮ್ಮ ಬಿಡುಗಡೆಗಾಗಿ ಹೋರಾಡುತ್ತಿದ್ದರು. ಆ ಹೋರಾಟದಿಂದಲೇ ೧೮೦೪ರಲ್ಲಿ ಹೈಟಿ ಎಂಬ ಸ್ವತಂತ್ರ ರಾಷ್ಟ್ರವು ಉದಯಿಸಿತು. ಹೀಗೆ, ಇತರರ ಬೆವರಿನಿಂದ ಬಂದಿದ್ದ ಸಂಪತ್ತು ಸೇಂಟ್ ಮೆಮಿನನ ಪಾಲಿಗೆ ಶಾಶ್ವತವಾಗಿ ಇಲ್ಲವಾಯಿತು. ಇನ್ನು ಮುಂದೆ ಅವನು ತನ್ನ ಬೆವರಿನಿಂದಲೇ ಬದುಕಬೇಕಾಗಿತ್ತು. ಆಗ ಅವನಿಗೆ ಇಪ್ಪತ್ತಮೂರು ವರ್ಷ.

ನ್ಯೂಯಾರ್ಕಿನಲ್ಲಿ ಲಿವಿಂಗ್‌ಸ್ಟನ್ ಎಂಬ ಗಣ್ಯ ಮನೆತನದವರ ಸ್ನೇಹವು ಅವನಿಗೆ ದೊರೆಯಿತು. ಎತ್ತರದ ದಿಬ್ಬದ ಮೇಲಿದ್ದ ಅವರ ಮನೆಯಿಂದ ನಗರವೂ ಬಂದರೂ ಸೊಗಸಾಗಿ ಕಾಣುತ್ತಿದ್ದವು. ಸೇಂಟ್ ಮೆಮಿನನು ಆ ದೃಶ್ಯವನ್ನು ಚಿತ್ರಿಸಿದನು. ಅದನ್ನು ಕೆತ್ತಿ ಮುದ್ರಿಸಿದರೆ ಮಾರಾಟವಾಗಬಹುದೆಂಬ ಆಲೋಚನೆ ಹುಟ್ಟಿತು. ಆದರೆ ಅವನಿಗೆ ಕೆತ್ತನೆಯ ಕೆಲಸ ತಿಳಿಯದು. ಕಲಿಸುವ ಗುರುವೂ ಇಲ್ಲ. ಅವನು ಗ್ರಂಥಾಲಯಕ್ಕೆ ಹೋಗಿ ವಿಶ್ವಕೋಶದಲ್ಲಿದ್ದ ವಿವರಣೆಗಳನ್ನು ಓದಿ, ತನ್ನಷ್ಟಕ್ಕೆ ತಾನೇ ಆ ವಿದ್ಯೆಯನ್ನು ಅಭ್ಯಾಸ ಮಾಡಿದನೆಂದು ಹೇಳುತ್ತಾರೆ. ೧೭೯೬ರಲ್ಲಿ ಅವನು ಕೆತ್ತಿದ ನಗರದ ದೃಶ್ಯಗಳು ಹೊರಬಂದವು.

ತಾಮ್ರದ ಕೆತ್ತನೆಯು ಬಹಳ ತಾಳ್ಮೆಯನ್ನು ಬೇಡುವ ಕೆಲಸ. ಮೊದಲು ತಾಮ್ರದ ಫಲಕವನ್ನು ಉಜ್ಜಿ ಕನ್ನಡಿಯಂತೆ ನಯಗೊಳಿಸಬೇಕು. ಅದಕ್ಕೆ ಮೇಣದಂತಹ ಲೇಪವನ್ನು ಬಳಿದು, ಸೂಜಿಯಿಂದ ಗೀರಿ ಚಿತ್ರವನ್ನು ಬರೆಯಬೇಕು. ಬಳಿಕ ಫಲಕಕ್ಕೆ ಆಮ್ಲವನ್ನು ಸೋಕಿಸಿದರೆ, ಗೀರಿದ ಕಡೆಗಳಲ್ಲಿ ಮಾತ್ರ ಆಮ್ಲವು ತಾಮ್ರವನ್ನು ತಿಂದು ಸಣ್ಣ ಕಾಲುವೆಗಳನ್ನು ಮಾಡುತ್ತದೆ. ಉಳಿಯಿಂದಲೂ ಹಲ್ಲುಗಳಿರುವ ಪುಟ್ಟ ಚಕ್ರದಿಂದಲೂ ನೆರಳಿನ ಭಾಗಗಳನ್ನು ತಿದ್ದುತ್ತಾರೆ. ಆ ಗೆರೆಗಳಲ್ಲಿ ಮಸಿಯನ್ನು ತುಂಬಿ, ಮೇಲ್ಭಾಗವನ್ನು ಒರೆಸಿ, ಒದ್ದೆಮಾಡಿದ ಕಾಗದವನ್ನು ಹೊದಿಸಿ ಉರುಳೆಗಳ ನಡುವೆ ಒತ್ತಿದಾಗ ಚಿತ್ರವು ಕಾಗದಕ್ಕೆ ಇಳಿಯುತ್ತದೆ. ಫಲಕದ ಮೇಲಿನ ಎಡಭಾಗವು ಕಾಗದದ ಮೇಲೆ ಬಲಭಾಗವಾಗಿ ಮೂಡುವುದರಿಂದ, ಕೆತ್ತುವವನು ಎಲ್ಲವನ್ನೂ ತಿರುಗುಮುರುಗಾಗಿಯೇ ಕಲ್ಪಿಸಿಕೊಳ್ಳಬೇಕು. ತಪ್ಪಿ ಬಿದ್ದ ಗೆರೆಯನ್ನು ಅಳಿಸುವುದು ಬಹು ಕಷ್ಟ.

ನಗರದೃಶ್ಯಗಳಿಂದ ಜೀವನ ಸಾಗುವಂತಿರಲಿಲ್ಲ. ಅದೇ ಸಮಯದಲ್ಲಿ ವಾಲ್ದನ್ವಿ ಎಂಬ ಮತ್ತೊಬ್ಬ ಫ್ರೆಂಚ್ ನಿರಾಶ್ರಿತನು ಅವನ ಜೊತೆಗೂಡಿದನು. ಫ್ರಾನ್ಸಿನಲ್ಲಿ ಕ್ರೆತಿಯೆನ್ ಎಂಬಾತನು ಕೆಲವು ವರ್ಷಗಳ ಹಿಂದೆ ‘ಫಿಸಿಯೊನೊಟ್ರೇಸ್’ ಎಂಬ ಯಂತ್ರವನ್ನು ಕಂಡುಹಿಡಿದಿದ್ದನು. ಅದು ಮುಖದ ಗೆರೆಯನ್ನು ಯಥಾವತ್ತಾಗಿ ಹಿಡಿಯುವ ಯಂತ್ರ. ಎತ್ತರವಾದ ಮರದ ಚೌಕಟ್ಟಿನ ಬಳಿ ವ್ಯಕ್ತಿಯು ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳುತ್ತಾನೆ. ಚಿತ್ರಕಾರನು ಒಂದು ಸಣ್ಣ ನೋಟಕದ ಮೂಲಕ ನೋಡುತ್ತ, ಹಣೆ, ಮೂಗು, ತುಟಿ, ಗಲ್ಲಗಳ ಅಂಚನ್ನು ಅನುಸರಿಸಿ ಅದನ್ನು ಸರಿಸುತ್ತಾನೆ. ಅದಕ್ಕೆ ಜೋಡಿಸಿದ ಪೆನ್ಸಿಲು ಅದೇ ಗೆರೆಯನ್ನು ಕಾಗದದ ಮೇಲೆ ಎಳೆಯುತ್ತದೆ. ಸೇಂಟ್ ಮೆಮಿನನು ತನ್ನ ಯಂತ್ರಜ್ಞಾನವನ್ನು ಬಳಸಿ ಇಂತಹ ಯಂತ್ರವನ್ನು ತಾನೇ ನಿರ್ಮಿಸಿಕೊಂಡನು. ಆರಂಭದಲ್ಲಿ ವಾಲ್ದನ್ವಿಯು ಚಿತ್ರ ಬರೆಯುತ್ತಿದ್ದನು, ಸೇಂಟ್ ಮೆಮಿನನು ಕೆತ್ತುತ್ತಿದ್ದನು. ೧೭೯೭ರಲ್ಲಿ ಗೆಳೆಯನು ಫ್ರಾನ್ಸಿಗೆ ಮರಳಿದ ಮೇಲೆ ಎರಡು ಕೆಲಸಗಳೂ ಅವನೊಬ್ಬನ ಮೇಲೆಯೇ ಬಿದ್ದವು.

ಯಂತ್ರವು ಕೊಡುತ್ತಿದ್ದುದು ಹೊರಗೆರೆಯನ್ನು ಮಾತ್ರ. ನಸುಗೆಂಪು ಬಣ್ಣ ಬಳಿದ ಕಾಗದದ ಮೇಲೆ ಮೂಡಿದ ಆ ಗೆರೆಯೊಳಗೆ ಕಣ್ಣಿನ ಕಾಂತಿ, ಕೂದಲಿನ ಸುರುಳಿ, ಕೆನ್ನೆಯ ತಿರುವುಗಳನ್ನು ಕಪ್ಪು ಬಿಳಿಯ ಸೀಮೆಸುಣ್ಣದಿಂದ ತುಂಬಬೇಕಾಗಿದ್ದುದು ಕಲಾವಿದನ ಕೈ. ಮನುಷ್ಯನ ತಲೆಯಷ್ಟೇ ದೊಡ್ಡದಾದ ಈ ಚಿತ್ರವನ್ನು ಪ್ಯಾಂಟೋಗ್ರಾಫ್ ಎಂಬ ಸಾಧನದಿಂದ ಕಿರಿದುಗೊಳಿಸಿ, ಸುಮಾರು ಎರಡು ಅಂಗುಲ ಅಗಲದ ವೃತ್ತದೊಳಗೆ ಕೆತ್ತುತ್ತಿದ್ದನು. ನಾಣ್ಯದ ಮೇಲಿನ ರಾಜಮುದ್ರೆಯಂತೆ ಆ ಮುಖಗಳು ಶೋಭಿಸುತ್ತಿದ್ದವು. ಮೂಲಚಿತ್ರ, ತಾಮ್ರದ ಫಲಕ ಮತ್ತು ಹನ್ನೆರಡು ಮುದ್ರಿತ ಪ್ರತಿಗಳಿಗೆ ಪುರುಷರಿಂದ ೨೫ ಡಾಲರುಗಳನ್ನೂ ಮಹಿಳೆಯರಿಂದ ೩೫ ಡಾಲರುಗಳನ್ನೂ ಅವನು ಪಡೆಯುತ್ತಿದ್ದನು. ಜನರು ಪ್ರತಿಗಳನ್ನು ಬಂಧುಮಿತ್ರರಿಗೆ ಹಂಚಿ ಸಂತೋಷಪಡುತ್ತಿದ್ದರು.

ಒಂದೇ ಊರಿನಲ್ಲಿ ಕುಳಿತರೆ ಕೆಲಸ ಸಾಲದು. ಆದುದರಿಂದ ಸೇಂಟ್ ಮೆಮಿನನು ಫಿಲಡೆಲ್ಫಿಯ, ಬಾಲ್ಟಿಮೋರ್, ವಾಷಿಂಗ್‌ಟನ್, ರಿಚ್ಮಂಡ್, ಚಾರ್ಲ್ಸ್‌ಟನ್ ಮೊದಲಾದ ನಗರಗಳನ್ನು ಸುತ್ತಿದನು. ೧೭೯೮ರಲ್ಲಿ ಅವನು ಜಾರ್ಜ್ ವಾಷಿಂಗ್‌ಟನ್ನನ ಚಿತ್ರವನ್ನು ಬರೆದನು. ಮರುವರ್ಷ ಆ ಮಹಾಪುರುಷನು ತೀರಿಕೊಂಡನು. ಅವನನ್ನು ಎದುರಿಗೆ ಕೂರಿಸಿಕೊಂಡು ಬರೆದ ಕೊನೆಯ ಚಿತ್ರ ಅದೇ ಎಂದು ಹಲವರು ಭಾವಿಸುತ್ತಾರೆ. ೧೮೦೪ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್‌ಸನ್ನನೂ ಅವನ ಯಂತ್ರದ ಮುಂದೆ ಕುಳಿತನು. ವರ್ತಕರು, ವೈದ್ಯರು, ಸೈನಿಕರು, ಗೃಹಿಣಿಯರು ಹೀಗೆ ನಾನಾ ಬಗೆಯ ಜನರು ಅವನಲ್ಲಿಗೆ ಬಂದರು.

ಅದೇ ವರ್ಷ ಪಶ್ಚಿಮದ ಬಯಲುಗಳಿಂದ ಒಸೇಜ್ ಎಂಬ ಬುಡಕಟ್ಟಿನ ನಾಯಕರು ಅಧ್ಯಕ್ಷನನ್ನು ಕಾಣಲು ವಾಷಿಂಗ್‌ಟನ್ನಿಗೆ ಬಂದಿದ್ದರು. ಹಿಂದಿನ ವರ್ಷವಷ್ಟೇ ಅಮೆರಿಕವು ಫ್ರಾನ್ಸಿನಿಂದ ಲೂಯಿಸಿಯಾನ ಪ್ರದೇಶವನ್ನು ಕೊಂಡಿತ್ತು. ಆ ನೆಲದಲ್ಲಿ ತಲೆಮಾರುಗಳಿಂದ ಬಾಳಿದವರನ್ನು ಮಾರಿದವರೂ ಕೇಳಲಿಲ್ಲ, ಕೊಂಡವರೂ ಕೇಳಲಿಲ್ಲ. ಸೇಂಟ್ ಮೆಮಿನನು ಆ ನಾಯಕರ ಚಿತ್ರಗಳನ್ನು ಬರೆದನು. ಅಧ್ಯಕ್ಷನ ಮುಖವನ್ನು ಅಳೆದ ಯಂತ್ರವೇ ಇವರ ಮುಖವನ್ನೂ ಅಳೆಯಿತು. ಬೋಳಿಸಿದ ತಲೆ, ಜುಟ್ಟು, ಕಿವಿಯ ಆಭರಣ, ಗಂಭೀರವಾದ ದೃಷ್ಟಿ ಇವೆಲ್ಲವನ್ನೂ ಅವನು ಗೌರವದಿಂದ, ಏನನ್ನೂ ಹೆಚ್ಚುಕಡಿಮೆ ಮಾಡದೆ ದಾಖಲಿಸಿದನು. ಪಶ್ಚಿಮದ ನಾಡುಗಳನ್ನು ಶೋಧಿಸಿ ಬಂದ ಮೆರಿವೆದರ್ ಲೂಯಿಸನು ತನ್ನ ಪ್ರವಾಸಗ್ರಂಥಕ್ಕಾಗಿ ಇಂತಹ ಚಿತ್ರಗಳನ್ನು ೧೮೦೭ರಲ್ಲಿ ಅವನಿಂದ ಪಡೆದು, ೮೩ ಡಾಲರು ೫೦ ಸೆಂಟುಗಳನ್ನು ಕೊಟ್ಟನು. ಎರಡು ವರ್ಷಗಳಲ್ಲಿ ಲೂಯಿಸನು ಮರಣ ಹೊಂದಿದುದರಿಂದ ಆ ಗ್ರಂಥವನ್ನು ಅವನು ಬರೆದು ಮುಗಿಸಲಾಗಲಿಲ್ಲ. ಆದರೆ ಚಿತ್ರಗಳು ಉಳಿದವು. ಮುಂದೆ ತಮ್ಮ ನೆಲವನ್ನು ಕಳೆದುಕೊಂಡ ಒಂದು ಜನಾಂಗದ ಹಿರಿಯರು ಹೇಗಿದ್ದರೆಂಬುದಕ್ಕೆ ಅವು ಅಮೂಲ್ಯವಾದ ಸಾಕ್ಷಿಗಳಾಗಿವೆ.

೧೮೧೦ರ ವೇಳೆಗೆ ಸೇಂಟ್ ಮೆಮಿನನು ಕೆತ್ತನೆಯನ್ನು ನಿಲ್ಲಿಸಿದನು. ೧೮೧೪ರಲ್ಲಿ ಫ್ರಾನ್ಸಿನಲ್ಲಿ ಅರಸೊತ್ತಿಗೆಯು ಮತ್ತೆ ಸ್ಥಾಪಿತವಾದಾಗ ಅವನು ಸ್ವದೇಶಕ್ಕೆ ಹಿಂದಿರುಗಿದನು. ೧೮೧೭ರಲ್ಲಿ ಡೀಜೋನ್ ನಗರದ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿ ನೇಮಕಗೊಂಡು, ೧೮೫೨ರಲ್ಲಿ ಕಣ್ಣು ಮುಚ್ಚುವವರೆಗೆ ಆ ಹೊಣೆಯನ್ನು ಹೊತ್ತನು.

ಅಲ್ಲಿ ಅವನಿಗಾಗಿ ಒಂದು ಕೆಲಸ ಕಾದಿತ್ತು. ಬರ್ಗಂಡಿಯ ಹಿಂದಿನ ಪ್ರಭುಗಳ ಭವ್ಯವಾದ ಸಮಾಧಿಗಳನ್ನು ಕ್ರಾಂತಿಯ ಕಾಲದಲ್ಲಿ ಒಡೆದುಹಾಕಿದ್ದರು. ಸಮಾಧಿಗಳ ಸುತ್ತ ಶೋಕಿಸುತ್ತ ನಡೆಯುವಂತೆ ಕೆತ್ತಿದ್ದ ಪುಟ್ಟ ಶಿಲಾಮೂರ್ತಿಗಳು ಚದುರಿಹೋಗಿದ್ದವು. ಅವುಗಳನ್ನು ಮರಳಿ ಕೂಡಿಸುವ ಕಾರ್ಯದಲ್ಲಿ ಸೇಂಟ್ ಮೆಮಿನನು ಆಸಕ್ತಿಯಿಂದ ದುಡಿದನು. ಜೀರ್ಣೋದ್ಧಾರಗೊಂಡ ಸಮಾಧಿಗಳನ್ನು ೧೮೨೭ರಲ್ಲಿ ಸಂಗ್ರಹಾಲಯದಲ್ಲಿ ನಿಲ್ಲಿಸಲಾಯಿತು. ತನ್ನನ್ನು ದೇಶದಿಂದ ಹೊರದೂಡಿದ ಬಿರುಗಾಳಿಯೇ ಕೆಡವಿದ್ದ ಕಲಾಕೃತಿಗಳನ್ನು, ಪರದೇಶದಲ್ಲಿ ಕೈಕೆಲಸ ಕಲಿತು ಬಂದವನು ಎತ್ತಿ ನಿಲ್ಲಿಸಲು ನೆರವಾದನು.

ಅವನು ಜೋಪಾನ ಮಾಡಿದ್ದ ಕೆತ್ತನೆಗಳ ಪ್ರತಿಗಳು ಅವನ ಕಾಲಾನಂತರ ಅಮೆರಿಕಕ್ಕೆ ಮರಳಿದವು. ಏಳುನೂರಕ್ಕೂ ಹೆಚ್ಚು ಚಿತ್ರಗಳ ಒಂದು ಸಂಗ್ರಹವು ವಾಷಿಂಗ್‌ಟನ್ ನಗರದ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಆ ವೃತ್ತಗಳಲ್ಲಿ ಒಂದು ಹೊಸ ರಾಷ್ಟ್ರದ ಮುಖವನ್ನು ಇಂದಿಗೂ ಕಾಣಬಹುದು.

ಪದಗಳ ಅರ್ಥ

ನಿರಾಶ್ರಿತ - ನೆಲೆ ಕಳೆದುಕೊಂಡವನು
ವಸಾಹತು - ಪರದೇಶದವರ ಆಳ್ವಿಕೆಗೆ ಒಳಪಟ್ಟ ನಾಡು
ಫಲಕ - ಹಲಗೆ, ತಗಡು
ಜೀರ್ಣೋದ್ಧಾರ - ಹಾಳಾದುದನ್ನು ಸರಿಪಡಿಸುವುದು

ಅಭ್ಯಾಸ

೧. ಸೇಂಟ್ ಮೆಮಿನನು ಕೆತ್ತನೆಯ ವಿದ್ಯೆಯನ್ನು ಹೇಗೆ ಕಲಿತನು?
೨. ಫಿಸಿಯೊನೊಟ್ರೇಸ್ ಯಂತ್ರವು ಕೆಲಸ ಮಾಡುವ ರೀತಿಯನ್ನು ವಿವರಿಸಿರಿ.
೩. ಒಸೇಜ್ ನಾಯಕರ ಚಿತ್ರಗಳು ಏಕೆ ಅಮೂಲ್ಯವಾಗಿವೆ?
೪. ‘ಇನ್ನು ಮುಂದೆ ಅವನು ತನ್ನ ಬೆವರಿನಿಂದಲೇ ಬದುಕಬೇಕಾಗಿತ್ತು’ - ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.